ಮಕ್ಕಳನ್ನು ಬೇಸ್ತು ಬೀಳಿಸುವ ಗುಪ್ತ ಕ್ಯಾಮೆರಾ ಕಾರ್ಯಕ್ರಮಗಳು

ಕ್ಯಾಮೆರಾ ಇರುವುದು ತಿಳಿಯದ ಮಗುವನ್ನು ಬೇಕೆಂದೇ ಹೂಡಿದ ಒಂದು ವಿಚಿತ್ರ ಸನ್ನಿವೇಶದಲ್ಲಿ ಸಿಕ್ಕಿಸಿ, ಅದರ ಬೆರಗು, ಗಾಬರಿ, ಕೋಪ, ಜಾಣತನಗಳನ್ನು ಚಿತ್ರೀಕರಿಸಿ ನೋಡುಗರನ್ನು ನಗಿಸುವ ಟಿವಿ ಕಾರ್ಯಕ್ರಮಗಳ ಪ್ರಕಾರ. ದೊಡ್ಡವರನ್ನು ಬೇಸ್ತು ಬೀಳಿಸುವ ಕಾರ್ಯಕ್ರಮಗಳ ಚಿಕ್ಕದೊಂದು ಕವಲೆಂದೇ ಇದನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಇತಿಹಾಸ ನೋಡಿದರೆ ಕ್ರಮ ತಿರುವುಮುರುವಾಗಿದೆ. ಟಿವಿ ಬರುವುದಕ್ಕೆ ಮೊದಲೇ ಮರೆಯ ಕ್ಯಾಮೆರಾ ಮಕ್ಕಳ ಬೆನ್ನು ಹತ್ತಿತ್ತು, ಅದೂ ನಗಿಸುವುದಕ್ಕಲ್ಲ, ಮಕ್ಕಳ ಮನಸ್ಸನ್ನು ಅರಿಯುವುದಕ್ಕೆ. ಅಮೆರಿಕದ ‘ಕ್ಯಾಂಡಿಡ್ ಕ್ಯಾಮೆರಾ’, ಕೆನಡಾದ ‘ಪ್ರ್ಯಾಂಕ್ ಪಟ್ರೋಲ್’, ಜಪಾನಿನ ‘ಹಾಜಿಮೆತೆ ನೊ ಒತ್ಸುಕಾಯ್’ ಇವು ಈ ಪ್ರಕಾರದ, ಅಥವಾ ಇದಕ್ಕೆ ತೀರಾ ಹತ್ತಿರದ, ಹೆಸರಾದ ಉದಾಹರಣೆಗಳು. 2010ರಿಂದ ಈಚೆಗೆ ಇದರ ಬಹುಭಾಗ ಸ್ಟುಡಿಯೊ ಬಿಟ್ಟು ಮನೆಮನೆಯ ಮೊಬೈಲಿಗೆ ಇಳಿದಿದೆ. ತಕರಾರುಗಳು ಹೆಚ್ಚಾದದ್ದೂ ಅಲ್ಲಿಂದಲೇ.

ಪ್ರಯೋಗಶಾಲೆಯಲ್ಲಿ ಹುಟ್ಟು

1920 ಮತ್ತು 30ರ ದಶಕಗಳಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಕೂಸುಗಳ ಬೆಳವಣಿಗೆಯನ್ನು ಚಲನಚಿತ್ರದಲ್ಲಿ ದಾಖಲಿಸಲೆಂದು ಗುಮ್ಮಟದಾಕಾರದ ಒಂದು ಕೋಣೆಯನ್ನೇ ರೂಪಿಸಿದರು. ಅದರ ಮರೆ ಒಂದು ಕಡೆಯಿಂದ ಮಾತ್ರ ಪಾರದರ್ಶಕ. ಒಳಗೆ ಆಡುವ ಮಗುವಿಗೆ ಹೊರಗಿನವರು ಕಾಣುತ್ತಿರಲಿಲ್ಲ, ಹೊರಗಿದ್ದವರಿಗೆ ಮಗು ನಿಚ್ಚಳವಾಗಿ ಕಾಣುತ್ತಿತ್ತು. ಏಕಮುಖ ಕನ್ನಡಿಯ ಕೋಣೆಗೆ ಅರ್ಜೆಂಟೀನಾದಂಥ ಸ್ಪ್ಯಾನಿಷ್ ಭಾಷೆಯ ದೇಶಗಳಲ್ಲಿ ಈಗಲೂ ಗೆಸೆಲ್ ಹೆಸರೇ ಉಳಿದಿದೆ. ದೌರ್ಜನ್ಯಕ್ಕೊಳಗಾದ ಮಕ್ಕಳ ಹೇಳಿಕೆಯನ್ನು ನ್ಯಾಯಾಲಯಕ್ಕಾಗಿ ದಾಖಲಿಸಿಕೊಳ್ಳುವುದು ಅಂಥ ಕೋಣೆಗಳಲ್ಲೇ.

ಅದೇ ಕಾಲಕ್ಕೆ ಬರ್ಲಿನ್‌ನಲ್ಲಿ ಕರ್ಟ್ ಲೆವಿನ್ ಎಂಬ ಮನೋವಿಜ್ಞಾನಿಯೂ ಮಕ್ಕಳ ಚಿತ್ರಗಳನ್ನು ತೆಗೆಯುತ್ತಿದ್ದರು. ಅವರ ಒಂದು ತುಣುಕು ಬಲು ಪ್ರಸಿದ್ಧ. ಒಂದೂವರೆ ವರ್ಷದ ಮಗು ಒಂದು ಕಲ್ಲಿನ ಮೇಲೆ ಕೂರಬೇಕೆಂದು ನೋಡುತ್ತದೆ. ಕೂರಬೇಕಾದರೆ ಕಲ್ಲಿಗೆ ಬೆನ್ನು ಮಾಡಬೇಕು. ಬೆನ್ನು ಮಾಡಿದರೆ ಕಲ್ಲು ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಇಷ್ಟಪಟ್ಟರೂ ಕಲ್ಲಿನಿಂದ ಮುಖ ತಿರುಗಿಸಲು ಅದಕ್ಕೆ ಮನಸ್ಸು ಬಾರದು. ಮಗು ಕಲ್ಲನ್ನು ಮತ್ತೆ ಮತ್ತೆ ಸುತ್ತುತ್ತದೆ. ನೋಡುವವರಿಗೆ ನಗು ಬರುತ್ತದೆ, ಆದರೆ ಇಲ್ಲಿ ಯಾರೂ ಯಾರನ್ನೂ ಮೋಸಗೊಳಿಸಿಲ್ಲ. 1929ರಲ್ಲಿ ಯೇಲ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಮನೋವಿಜ್ಞಾನ ಸಮ್ಮೇಳನದಲ್ಲಿ ಲೆವಿನ್ ಈ ಚಿತ್ರ ತೋರಿಸಿದಾಗ ಜರ್ಮನ್ ತಿಳಿಯದವರಿಗೂ ಅವರ ವಿಚಾರ ಮುಟ್ಟಿತು. ಆ ವಯಸ್ಸಿನ ಮಗುವಿಗೆ ಕ್ಯಾಮೆರಾ ಎದುರಿಗಿದ್ದರೂ ಒಂದೇ, ಮರೆಯಲ್ಲಿದ್ದರೂ ಒಂದೇ ಎಂಬುದೂ ಗಮನಿಸಬೇಕಾದ ಮಾತು.

ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ, 1933ರಲ್ಲಿ, ಯಹೂದಿಯಾದ ಲೆವಿನ್ ಜರ್ಮನಿ ತೊರೆದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಗೃಹವಿಜ್ಞಾನ ವಿಭಾಗದಲ್ಲಿ ಅವರಿಗೆ ಸಿಕ್ಕ ಕೆಲಸವೆಂದರೆ ಶಿಶುವಿಹಾರದ ಮಕ್ಕಳು ಊಟಕ್ಕೆ ಹಟ ಮಾಡುವುದೇಕೆ, ಯಾರು ಹೇಗೆ ಉಣಿಸಿದರೆ ಉಣ್ಣುತ್ತಾರೆ ಎಂಬುದನ್ನು ಅಧ್ಯಯನ ಮಾಡುವುದು. ಅವರಿಗೆ ಸಹಾಯಕರಾಗಿ ದುಡಿದ ವಿದ್ಯಾರ್ಥಿಗಳಲ್ಲಿ ಬ್ರೂಕ್ಲಿನ್‌ನ ಒಬ್ಬ ಹುಡುಗನಿದ್ದ. ಹೆಸರು ಆ್ಯಲನ್ ಫಂಟ್ (1914–1999). ಗುಪ್ತ ಕ್ಯಾಮೆರಾ ಕಾರ್ಯಕ್ರಮಗಳ ಮೂಲಪುರುಷ ಇವರೇ.

ಕ್ಯಾಂಡಿಡ್ ಕ್ಯಾಮೆರಾ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫಂಟ್ ಸೇನೆಯ ಸಿಗ್ನಲ್ ದಳದಲ್ಲಿದ್ದರು. ಸೈನಿಕರ ದೂರುದುಮ್ಮಾನಗಳನ್ನು ಧ್ವನಿಮುದ್ರಿಸುವ ಕಾರ್ಯಕ್ರಮವೊಂದು ಅವರ ಪಾಲಿಗೆ ಬಂದಿತ್ತು. ಅಲ್ಲಿಯವರೆಗೆ ಬಾಯಿತುಂಬ ಬೈಯುತ್ತಿದ್ದ ಸಿಪಾಯಿ, ಮುದ್ರಣದ ಕೆಂಪು ದೀಪ ಹೊತ್ತಿಕೊಂಡದ್ದೇ ತಡ, ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ದೀಪ ತೆಗೆದುಬಿಟ್ಟು, ಹೇಳದೆ ಕೇಳದೆ ಮುದ್ರಿಸಿಕೊಂಡಾಗ ನಿಜವಾದ ಮಾತು ಹೊರಬಂತು. ಯುದ್ಧ ಮುಗಿದ ಮೇಲೆ ಇದೇ ಉಪಾಯ 1947ರಲ್ಲಿ ಎಬಿಸಿ ರೇಡಿಯೊದಲ್ಲಿ ‘ಕ್ಯಾಂಡಿಡ್ ಮೈಕ್ರೊಫೋನ್’ ಆಯಿತು. 1948ರ ಆಗಸ್ಟ್‌ನಲ್ಲಿ ಟಿವಿಗೆ ಬಂದು, ಮುಂದೆ ‘ಕ್ಯಾಂಡಿಡ್ ಕ್ಯಾಮೆರಾ’ ಎಂಬ ಹೆಸರು ಪಡೆಯಿತು. 1960ರಿಂದ 1967ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದದ್ದು ಅದರ ಸುವರ್ಣಕಾಲ. ಅಮೆರಿಕದ ಅತಿ ಹೆಚ್ಚು ಜನ ನೋಡುವ 10 ಕಾರ್ಯಕ್ರಮಗಳ ಪಟ್ಟಿಯಲ್ಲಿ ಆಗ ಅದಕ್ಕೂ ಜಾಗವಿತ್ತು. ಕೊನೆಯಲ್ಲಿ ಸಿಕ್ಕಿಬಿದ್ದವರ ಹತ್ತಿರ ಹೋಗಿ, ನಗಿ, ನೀವೀಗ ಕ್ಯಾಂಡಿಡ್ ಕ್ಯಾಮೆರಾದಲ್ಲಿದ್ದೀರಿ ಎಂದು ಹೇಳುವ ಪದ್ಧತಿ ಅಲ್ಲಿನ ಆಡುಮಾತಿಗೇ ಸೇರಿಹೋಯಿತು. ಎಷ್ಟರಮಟ್ಟಿಗೆಂದರೆ 1969ರ ಫೆಬ್ರುವರಿಯಲ್ಲಿ ಫಂಟ್ ಕುಟುಂಬ ಸಮೇತ ಪ್ರಯಾಣ ಮಾಡುತ್ತಿದ್ದ ವಿಮಾನವನ್ನು ಅಪಹರಿಸಿ ಕ್ಯೂಬಾಕ್ಕೆ ಒಯ್ದಾಗ, ಅವರ ಗುರುತು ಹಿಡಿದ ಸಹಪ್ರಯಾಣಿಕರು ಇದೂ ಕಾರ್ಯಕ್ರಮದ ತಮಾಷೆಯೇ ಇರಬೇಕೆಂದು ನಕ್ಕು ಚಪ್ಪಾಳೆ ತಟ್ಟಿದರಂತೆ. ಹವಾನಾದಲ್ಲಿ ಇಳಿದ ಮೇಲೆಯೇ ನಗು ನಿಂತದ್ದು.

ಈ ಕಾರ್ಯಕ್ರಮದಲ್ಲಿ ದೊಡ್ಡವರ ತುಣುಕುಗಳಿಗೂ ಮಕ್ಕಳ ತುಣುಕುಗಳಿಗೂ ಸ್ವಭಾವದಲ್ಲೇ ವ್ಯತ್ಯಾಸವಿತ್ತು. ದೊಡ್ಡವರ ಮಟ್ಟಿಗೆ ಜಗತ್ತೇ ತಲೆಕೆಳಗು. ಡೆಲವೇರ್ ರಾಜ್ಯ ಇಂದು ಮುಚ್ಚಿದೆ ಎಂಬ ಫಲಕ ರಸ್ತೆಯಲ್ಲಿ ನಿಲ್ಲಿಸಿದರೆ ಕಾರು ನಿಲ್ಲಿಸಿ, ಯಾವಾಗ ತೆರೆಯುತ್ತದೆ ಎಂದು ವಿಚಾರಿಸುವವರಿದ್ದರು. 1962ರ ಇನ್ನೊಂದು ತುಣುಕಿನಲ್ಲಿ ಲಿಫ್ಟ್ ಹತ್ತಿದ ಒಬ್ಬ ಮನುಷ್ಯ, ಉಳಿದವರೆಲ್ಲ ಬಾಗಿಲಿಗೆ ಬೆನ್ನು ಹಾಕಿ ನಿಂತಿರುವುದನ್ನು ಕಂಡು ತಾನೂ ಮೆಲ್ಲಗೆ ಹಿಂದಕ್ಕೆ ತಿರುಗುತ್ತಾನೆ. ಅವರು ಟೋಪಿ ತೆಗೆದರೆ ತಾನೂ ತೆಗೆಯುತ್ತಾನೆ. ಗುಂಪಿನ ಒತ್ತಡ ಕುರಿತ ಸಾಲೊಮನ್ ಆ್ಯಶ್ ಅವರ ಪ್ರಯೋಗಗಳನ್ನು ಪಾಠ ಮಾಡುವಾಗ ಮನೋವಿಜ್ಞಾನದ ಮೇಷ್ಟ್ರುಗಳು ಇಂದಿಗೂ ಈ ತುಣುಕನ್ನೇ ತೋರಿಸುತ್ತಾರೆ. ಮಕ್ಕಳ ವಿಷಯದಲ್ಲಿ ಇಷ್ಟು ದೊಡ್ಡ ಏರ್ಪಾಡು ಬೇಕಾಗಲೇ ಇಲ್ಲ. ಎದುರಿಗೆ ಕೂರಿಸಿಕೊಂಡು ಏನಾದರೂ ಕೇಳಿದರೆ ಸಾಕು, ಅವರ ಉತ್ತರವೇ ಕಾರ್ಯಕ್ರಮ. 1985ರಲ್ಲಿ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ಜತೆ ಮಾತನಾಡುವಾಗ ಫಂಟ್, ಅಧಿಕಾರದ ಗತ್ತು ತೋರಿಸಿದವರ ಮಾತಿಗೆ ಜನ ಎಷ್ಟು ಸಲೀಸಾಗಿ ತಲೆಯಾಡಿಸುತ್ತಾರೆ ಎಂಬುದೇ ತನ್ನನ್ನು ಹೆಚ್ಚು ಕಂಗೆಡಿಸಿದ ಸಂಗತಿಯೆಂದರು. ಅರ್ಥವಿಲ್ಲದ ಅಪ್ಪಣೆಗೆ ಬಾಗದಿರುವುದನ್ನು ಮಕ್ಕಳಿಗೆ ಕಲಿಸಬೇಕೆಂದೂ ಹೇಳಿದರು. ಅಂಥ ಅಪ್ಪಣೆಗಳನ್ನು ಕೊಡುವ ಪಾತ್ರಗಳನ್ನು ಸೃಷ್ಟಿಸಿಯೇ ಜೀವನ ಸಾಗಿಸಿದವರ ಬಾಯಲ್ಲಿ ಈ ಮಾತು ಸ್ವಲ್ಪ ಮೋಜಾಗಿ ಕೇಳಿಸುತ್ತದೆ, ಆದರೆ ಸುಳ್ಳಲ್ಲ.

ಮಕ್ಕಳ ತುಣುಕುಗಳಲ್ಲಿ ಹೆಸರಾದದ್ದೊಂದು 1970ರ ದಶಕದ, ಬಾಕ್ಸಿಂಗ್ ಪಟು ಮುಹಮ್ಮದ್ ಅಲಿ ಇರುವ ತುಣುಕು. ಶಾಲಾ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ಅಲಿ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಕೇಳುತ್ತಾರೆ. ಮಗು ತನ್ನ ಪಾಡಿಗೆ ಹೇಳುತ್ತಿರುವಾಗ ಬೆನ್ನ ಹಿಂದೆ ಸಾಕ್ಷಾತ್ ಅಲಿಯೇ ಬಂದು ನಿಲ್ಲುತ್ತಾರೆ. ಹಿಂದಿರುಗಿ ನೋಡಿದ ಮಗುವಿನ ಬಾಯಿ ತೆರೆದದ್ದು ತೆರೆದಂತೆಯೇ. ಇಲ್ಲಿ ಮೋಸವಿದೆ, ಆದರೆ ಮೋಸದ ತುದಿಯಲ್ಲಿ ಕಾದಿರುವುದು ನಷ್ಟವಲ್ಲ, ಉಡುಗೊರೆ. ಮಕ್ಕಳನ್ನು ಬೇಸ್ತು ಬೀಳಿಸುವ ಕಾರ್ಯಕ್ರಮಗಳಲ್ಲಿ ಕಾಲ ಸವೆಸಿ ಉಳಿದಿರುವ ತುಣುಕುಗಳು ಹೆಚ್ಚುಕಡಿಮೆ ಇದೇ ಜಾತಿಯವು.

ಗುಟ್ಟು ಬಿಚ್ಚುವ ಗಳಿಗೆ

ಬೇಸ್ತು ಬೀಳಿಸುವ ಆಟದ ಪ್ರಾಣ ಇರುವುದು ಅದರ ಕೊನೆಯಲ್ಲಿ. ಇದೆಲ್ಲ ನಾಟಕ ಎಂದು ತಿಳಿದಾಗ ಸಿಕ್ಕಿಬಿದ್ದವನು ಒಂದು ಕ್ಷಣ ಹಿಂದಕ್ಕೆ ಹೋಗಿ, ನಡೆದದ್ದನ್ನೆಲ್ಲ ಮತ್ತೊಮ್ಮೆ ನೋಡಿ, ತನ್ನ ಪೆದ್ದುತನಕ್ಕೆ ತಾನೇ ನಗಬೇಕು. ಆ ನಗು ಬಂದರೆ ನೋಡುಗನಿಗೂ ನಗಲು ಪರವಾನಗಿ ಸಿಕ್ಕಂತೆ. ಬಾರದಿದ್ದರೆ ಅಲ್ಲಿಯವರೆಗೆ ನಕ್ಕದ್ದಕ್ಕೆ ನಾಚಿಕೆ. ದೊಡ್ಡವರು ಒಳಗೆ ಸಿಟ್ಟಿದ್ದರೂ ಮರ್ಯಾದೆಗಾಗಿ ನಗುತ್ತಾರೆ. ಮಗುವಿಗೆ ಆ ಮರ್ಯಾದೆಯ ಹಂಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ವಯಸ್ಸಿನವರೆಗೆ ಹಾಗೆ ಹಿಂದಿರುಗಿ ನೋಡುವ ಶಕ್ತಿಯೇ ಅದಕ್ಕಿರುವುದಿಲ್ಲ.

ಇದನ್ನು ತೋರಿಸಿಕೊಟ್ಟ ಪ್ರಯೋಗವೂ ಒಂದು ಪುಟ್ಟ ಬೇಸ್ತೇ. 1987ರಲ್ಲಿ ಯೋಸೆಫ್ ಪೆರ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬ್ರಿಟನ್ನಿನ ಮಕ್ಕಳಿಗೆಲ್ಲ ಪರಿಚಿತವಾದ ಸ್ಮಾರ್ಟೀಸ್ ಮಿಠಾಯಿಯ ಡಬ್ಬಿ ತೋರಿಸಿ ಒಳಗೇನಿದೆ ಎಂದು ಕೇಳುತ್ತಾರೆ. ಮಿಠಾಯಿ ಎನ್ನುತ್ತದೆ ಮಗು. ಮುಚ್ಚಳ ತೆಗೆದರೆ ಒಳಗಿರುವುದು ಪೆನ್ಸಿಲ್. ಡಬ್ಬಿ ಮುಚ್ಚಿ, ಇದನ್ನು ಇನ್ನೂ ನೋಡಿರದ ನಿನ್ನ ಗೆಳೆಯ ಬಂದರೆ ಒಳಗೇನಿದೆ ಎನ್ನುತ್ತಾನೆ ಎಂದು ಕೇಳಿದರೆ, ಮೂರು ವರ್ಷದ ಮಕ್ಕಳಲ್ಲಿ ಅನೇಕರು ಹಿಂದೆಮುಂದೆ ನೋಡದೆ ಪೆನ್ಸಿಲ್ ಎನ್ನುತ್ತಾರೆ. ನೀನು ಮೊದಲು ಏನೆಂದುಕೊಂಡಿದ್ದೆ ಎಂದು ಕೇಳಿದರೂ ಆ ವಯಸ್ಸಿನವರಲ್ಲಿ ಹಲವರದು ಅದೇ ಉತ್ತರ. ನಾಲ್ಕು ದಾಟಿದ ಮೇಲೆ ಉತ್ತರ ಬದಲಾಗುತ್ತದೆ. ಅಂದರೆ ತೀರಾ ಚಿಕ್ಕ ಮಗುವಿಗೆ ಮಿಠಾಯಿ ಇಲ್ಲವಾದ ನಿರಾಸೆ ಗೊತ್ತಾಗುತ್ತದೆ, ತಾನು ಬೇಸ್ತು ಬಿದ್ದದ್ದು ಗೊತ್ತಾಗುವುದಿಲ್ಲ. ಗುಟ್ಟು ಬಿಚ್ಚಿ ಹೇಳಿದರೂ ಅದಕ್ಕೆ ದಕ್ಕುವುದು ಗುಟ್ಟಲ್ಲ, ಬರೀ ಗೊಂದಲ. ತಮಾಷೆ ಪೂರ್ತಿಯಾಗುವುದು ನೋಡುವ ದೊಡ್ಡವರ ತಲೆಯಲ್ಲಿ ಮಾತ್ರ. ಈ ಪ್ರಕಾರದ ಎಲ್ಲ ವಾದವಿವಾದಗಳ ಬುಡ ಇಲ್ಲಿದೆ. ಕಾರ್ಯಕ್ರಮಗಳು ಕಾಲಕ್ರಮದಲ್ಲಿ ಹಿಡಿದ ಬೇರೆಬೇರೆ ದಾರಿಗಳೂ ಈ ಒಂದು ತೊಡಕಿನಿಂದ ಪಾರಾಗುವ ಪ್ರಯತ್ನಗಳಂತೆಯೇ ತೋರುತ್ತವೆ.

ಮಕ್ಕಳೇ ಸೂತ್ರಧಾರರು

ಒಂದು ದಾರಿ, ಬಲೆ ಹೂಡುವ ಕೆಲಸವನ್ನು ಮಕ್ಕಳ ಕೈಗೇ ಕೊಡುವುದು. ಮಾಂಟ್ರಿಯಲ್‌ನ ಅಪಾರ್ಟ್‌ಮೆಂಟ್ 11 ಸಂಸ್ಥೆ ವೈಟಿವಿ ವಾಹಿನಿಗಾಗಿ 2005ರ ಹೊತ್ತಿಗೆ ಶುರು ಮಾಡಿದ ‘ಪ್ರ್ಯಾಂಕ್ ಪಟ್ರೋಲ್’ನಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ತನ್ನ ಗೆಳೆಯನನ್ನೋ ಒಡಹುಟ್ಟಿದವರನ್ನೋ ಬೇಸ್ತು ಬೀಳಿಸಬೇಕೆಂದು ಬರುತ್ತಾರೆ. ನಿರೂಪಕನೂ ನಿಂಜಾ ವೇಷದ ಸಹಾಯಕರೂ ಸೇರಿ ಅವರಿಗೆ ತರಬೇತಿ ಕೊಟ್ಟು, ಸೆಟ್ ಹಾಕಿ, ನಟರನ್ನು ಕರೆಸಿ, ಅನ್ಯಗ್ರಹ ಜೀವಿಯನ್ನೋ ರಾಕ್ಷಸನನ್ನೋ ಇಳಿಸುತ್ತಾರೆ. ಕಾರ್ಯಕ್ರಮದ ಅರ್ಧಭಾಗ ಈ ತಯಾರಿಯೇ. ನೋಡುವ ಮಗುವಿಗೆ ಮೊದಲಿನಿಂದಲೂ ತೆರೆಯ ಹಿಂದೆ ಜಾಗ ಸಿಗುವುದರಿಂದ ಹೆದರಿಕೆ ಅದರ ತನಕ ಬರುವುದಿಲ್ಲ. ಬ್ರಿಟನ್ನಿನ ಮಕ್ಕಳ ವಾಹಿನಿ ಸಿಬಿಬಿಸಿಯಲ್ಲಿ ಬಾರ್ನಿ ಹಾರ್ವುಡ್ ನಿರೂಪಣೆಯಲ್ಲಿ ಇದರ ಅವತರಣಿಕೆ ಬಂತು. ಆಸ್ಟ್ರೇಲಿಯಾದ ಮಕ್ಕಳ ವಾಹಿನಿ ಎಬಿಸಿ3ರಲ್ಲೂ ಬಂತು. ಸಿಕ್ಕಿಬೀಳುವವರು ಏಳೆಂಟು ವರ್ಷ ದಾಟಿದವರು, ಸಿಕ್ಕಿಸುವವರು ಅವರ ಓರಗೆಯವರು. ಶಾಲೆಯ ಅಂಗಳದಲ್ಲಿ ದಿನಬೆಳಗಾದರೆ ನಡೆಯುವ ಕೀಟಲೆಗೆ ಟಿವಿಯ ದುಡ್ಡು ಸೇರಿದರೆ ಹೇಗಿರುತ್ತದೋ ಹಾಗೆ.

ಡಿಸ್ನಿ ಎಕ್ಸ್‌ಡಿ ವಾಹಿನಿಯ ‘ವಾಕ್ ದ ಪ್ರ್ಯಾಂಕ್’ (2016–2018) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಧ ಕಥೆ, ಅರ್ಧ ಗುಪ್ತ ಕ್ಯಾಮೆರಾ. ಬಾಲನಟರು ಬೇಸ್ತು ಬೀಳಿಸುವುದು ನಿಜವಾದ ದೊಡ್ಡವರನ್ನು. ಮಾಂಟ್ರಿಯಲ್‌ನದೇ ಆದ, 2000ದಲ್ಲಿ ಆರಂಭವಾದ ‘ಜಸ್ಟ್ ಫಾರ್ ಲಾಫ್ಸ್ ಗ್ಯಾಗ್ಸ್’ ಮಾತೇ ಇಲ್ಲದ ತುಣುಕುಗಳಿಂದಾಗಿ ಭಾಷೆಯ ಗಡಿ ದಾಟಿ ವಿಮಾನಗಳ ಪುಟ್ಟ ಪರದೆಯವರೆಗೂ ತಲುಪಿತು. ಅದರಲ್ಲೂ ಮಕ್ಕಳು ಹೆಚ್ಚಾಗಿ ಒಳಸಂಚಿನ ಪಾಲುದಾರರೇ. ಆ ಊರಿನ ನಿರ್ಮಾಪಕರು ಜಾಗರೂಕರಾಗಿರಲು ಕಾನೂನಿನ ಕಾರಣವೂ ಉಂಟು. ಮಾಂಟ್ರಿಯಲ್‌ನ ಬೀದಿಯ ಮೆಟ್ಟಿಲ ಮೇಲೆ ಕುಳಿತಿದ್ದ 17 ವರ್ಷದ ಹುಡುಗಿಯ ಚಿತ್ರವನ್ನು ಆಕೆಯನ್ನು ಕೇಳದೆ ಪತ್ರಿಕೆಯೊಂದು ಪ್ರಕಟಿಸಿದ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಆಕೆಯ ಪರ ತೀರ್ಪಿತ್ತಿತು. ಸಾರ್ವಜನಿಕ ಸ್ಥಳವಾದ ಮಾತ್ರಕ್ಕೆ ಮುಖ ಸಾರ್ವಜನಿಕ ಸ್ವತ್ತಲ್ಲ ಎಂಬುದು ಕ್ವಿಬೆಕ್ ಪ್ರಾಂತ್ಯದಲ್ಲಿ ಅಲ್ಲಿಂದ ಗಟ್ಟಿಯಾಯಿತು.

ಭಾರತದಲ್ಲಿ ಗುಪ್ತ ಕ್ಯಾಮೆರಾ ಕಾರ್ಯಕ್ರಮವಾಗಿ ಹೆಸರಾದದ್ದು ಸೈರಸ್ ಬ್ರೋಚಾ ನಡೆಸಿಕೊಟ್ಟ ‘ಎಂಟಿವಿ ಬಕರಾ’. ಕನ್ನಡದಲ್ಲಿ ಉದಯ ಟಿವಿಯ ‘ಕುರಿಗಳು ಸಾರ್ ಕುರಿಗಳು’ ಎಷ್ಟು ಮನೆಮಾತಾಯಿತೆಂದರೆ ಅದನ್ನು ನಡೆಸಿಕೊಟ್ಟ ಪ್ರತಾಪ್ ಅವರಿಗೆ ‘ಕುರಿ’ ಎಂಬುದು ಹೆಸರಿನ ಭಾಗವಾಗಿಯೇ ಉಳಿಯಿತು. ಇವೆರಡರಲ್ಲೂ ಸಿಕ್ಕಿಬಿದ್ದವರು ಬಹುಮಟ್ಟಿಗೆ ದೊಡ್ಡವರು, ಕಾಲೇಜು ಹುಡುಗರು, ದಾರಿಹೋಕರು. ಮಕ್ಕಳು ಕನ್ನಡ ವಾಹಿನಿಗಳಿಗೆ ಬಂದದ್ದು ‘ಡ್ರಾಮಾ ಜೂನಿಯರ್ಸ್’ನಂಥ, ಕ್ಯಾಮೆರಾ ಎದುರಿಗೇ ಇರುವ ವೇದಿಕೆಗಳ ಮೂಲಕ.

ಜಪಾನಿನ ದಾರಿ

ಕ್ಯಾಮೆರಾವನ್ನು ಅಡಗಿಸಿಯೂ ಮಗುವನ್ನು ಬೇಸ್ತು ಬೀಳಿಸದಿರುವುದು ಸಾಧ್ಯವೆಂದು ತೋರಿಸಿದ್ದು ಜಪಾನಿನ ನಿಪ್ಪಾನ್ ಟಿವಿಯ ‘ಹಾಜಿಮೆತೆ ನೊ ಒತ್ಸುಕಾಯ್’, ಅಂದರೆ ಅಂಗಡಿಗೋ ನೆಂಟರ ಮನೆಗೋ ಮಗುವಿನ ಮೊದಲ ಒಂಟಿ ಪಯಣ. 1990ರ ದಶಕದ ಆರಂಭದಿಂದ ವರ್ಷಕ್ಕೆ ಒಂದೆರಡು ವಿಶೇಷ ಕಂತುಗಳಾಗಿ ಬರುತ್ತಿದ್ದ ಇದು 2022ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಜಗತ್ತಿಗೆಲ್ಲ ಸಿಕ್ಕಿತು. ಇದಕ್ಕೆ ಪ್ರೇರಣೆ ಯೊರಿಕೊ ತ್ಸುತ್ಸುಯಿ ಬರೆದು ಅಕಿಕೊ ಹಯಾಶಿ ಚಿತ್ರ ಬಿಡಿಸಿದ, 1970ರ ದಶಕದ ಒಂದು ಮಕ್ಕಳ ಪುಸ್ತಕ.

ನೆಟ್‌ಫ್ಲಿಕ್ಸ್‌ನ ಮೊದಲ ಕಂತಿನ ನಾಯಕನಿಗೆ ಎರಡು ವರ್ಷ ಒಂಬತ್ತು ತಿಂಗಳು. ಮನೆಯಿಂದ ಸುಮಾರು ಒಂದು ಕಿಲೊಮೀಟರ್ ದೂರದ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಹೂವು, ಮೀನಿನ ಖಾದ್ಯ ಮತ್ತು ಸಿಹಿ ರುಚಿಯ ಕರಿ ತರಬೇಕು. ವಾಹನಗಳ ರಸ್ತೆ ದಾಟುವಾಗ ಹಿಡಿದೆತ್ತಲು ಕೈಯಲ್ಲೊಂದು ಹಳದಿ ಬಾವುಟ. ಹೂವು ಸಿಕ್ಕಿತು, ಮೀನು ಸಿಕ್ಕಿತು, ದುಡ್ಡೂ ಕೊಟ್ಟಾಯಿತು. ಅಂಗಡಿ ಬಿಟ್ಟ ಮೇಲೆ ಕರಿ ಮರೆತದ್ದು ನೆನಪಾಗಿ ಪೋರ ಮತ್ತೆ ಒಳಕ್ಕೆ ಓಡುತ್ತಾನೆ. ನೋಡುವವರ ಎದೆ ಡವಗುಟ್ಟುವುದು, ನಗು ಬರುವುದು, ಕಣ್ಣು ತೇವವಾಗುವುದು ಎಲ್ಲವೂ ಈ ಒಂದು ಓಟದಲ್ಲೇ.

ಹಿಂದಿನ ಏರ್ಪಾಡು ಮಾತ್ರ ಸಣ್ಣದಲ್ಲ. ತಂದೆತಾಯಿಯೂ ತಂಡದವರೂ ಮೊದಲೇ ದಾರಿಯುದ್ದಕ್ಕೂ ನಡೆದು ಅಪಾಯದ ತಿರುವುಗಳನ್ನು ಗುರುತಿಸಿರುತ್ತಾರೆ. ನೆರೆಹೊರೆಯವರಿಗೆ ವಿಷಯ ತಿಳಿಸಿರುತ್ತಾರೆ. ಮಗುವಿನ ಕೊರಳಲ್ಲಿ ದೇವಾಲಯದ ರಕ್ಷೆಯಂತೆ ಕಾಣುವ ಪುಟ್ಟ ಚೀಲದಲ್ಲಿ ಮೈಕ್ ಇರುತ್ತದೆ. ಕ್ಯಾಮೆರಾದವರು ದಾರಿಹೋಕರಂತೆಯೋ ಕೆಲಸಗಾರರಂತೆಯೋ ವೇಷ ಹಾಕಿ ಹಿಂದೆಮುಂದೆ ಸುಳಿದಾಡುತ್ತಾರೆ. ಈ ಅಂಕಲ್ ಮತ್ತೆ ಮತ್ತೆ ಯಾಕೆ ಕಾಣಿಸುತ್ತಾನೆ ಎಂಬಂತೆ ಮಕ್ಕಳು ಅವರನ್ನು ದಿಟ್ಟಿಸುವುದೂ ಉಂಟು. ಪುಟ್ಟ ಮಕ್ಕಳು ತಾವೇ ನಡೆದು ಶಾಲೆಗೆ ಹೋಗುವುದು ಜಪಾನಿನಲ್ಲಿ ಸಾಮಾನ್ಯವಾದ್ದರಿಂದ ಅಲ್ಲಿ ಇದು ಅಷ್ಟೇನೂ ವಿಪರೀತ ಅನ್ನಿಸದು. ಅಮೆರಿಕದಲ್ಲಿ ಹೀಗೆ ಮಗುವನ್ನು ಒಂಟಿಯಾಗಿ ಕಳಿಸಿದ ತಾಯಿಯ ಮನೆಗೆ ಪೊಲೀಸರು ಬಂದಾರು ಎಂಬ ಚರ್ಚೆ 2022ರಲ್ಲಿ ಜೋರಾಗಿಯೇ ನಡೆಯಿತು. ಎರಡೂವರೆ ವರ್ಷದ ಮಗುವಿನ ಅಳುವನ್ನು ಕೋಟ್ಯಂತರ ಜನರಿಗೆ ತೋರಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಇಲ್ಲೂ ಉಳಿಯುತ್ತದೆ. ಆದರೆ ಮಗುವಿಗೆ ಹೇಳಿದ ಕೆಲಸ ನಿಜ, ತಂದ ಹೂವು ನಿಜ, ಮನೆಯವರು ಅಪ್ಪಿಕೊಂಡದ್ದೂ ನಿಜ. ಬಿಚ್ಚಿ ಹೇಳಬೇಕಾದ ಮೋಸ ಏನೂ ಇರುವುದಿಲ್ಲ.

ಬ್ರಿಟನ್ನಿನ ಚಾನೆಲ್ 4ರ ‘ದ ಸೀಕ್ರೆಟ್ ಲೈಫ್ ಆಫ್ 4 ಇಯರ್ ಓಲ್ಡ್ಸ್’ ಸರಣಿಯೂ ಇದೇ ಸಾಲಿನದು. ಶಿಶುವಿಹಾರದ ಗೋಡೆಗಳಲ್ಲಿ ಕ್ಯಾಮೆರಾ ಅಳವಡಿಸಿ, ಪಕ್ಕದ ಕೋಣೆಯಲ್ಲಿ ವಿಜ್ಞಾನಿಗಳು ಕುಳಿತು ನೋಡುತ್ತಾರೆ. ಚಾಕೊಲೇಟ್ ಕೇಕ್ ಮುಂದಿಟ್ಟು, ಮುಟ್ಟಬೇಡಿ ಎಂದು ಹೇಳಿ ಟೀಚರ್ ಹೊರಗೆ ಹೋದರೆ ಏನಾದೀತೆಂಬುದು ಅದರ ಹೆಸರಾದ ಪ್ರಸಂಗಗಳಲ್ಲೊಂದು. ಗೆಸೆಲ್ಲರ ಗುಮ್ಮಟಕ್ಕೆ ಟಿವಿ ಮತ್ತೆ ಬಂದು ಸೇರಿದಂತಾಯಿತು.

ನಟಿಸುವ ಮಗು

ದಾನಧರ್ಮದ ಸಂಸ್ಥೆಗಳೂ ಈ ತಂತ್ರವನ್ನು ಬಳಸಿವೆ. 2014ರ ಚಳಿಗಾಲದಲ್ಲಿ ಎಸ್‌ಒಎಸ್ ಮಕ್ಕಳ ಗ್ರಾಮಗಳ ನಾರ್ವೆ ಶಾಖೆ ಓಸ್ಲೊದ ಬಸ್ ನಿಲ್ದಾಣದಲ್ಲಿ ಕೋಟಿಲ್ಲದೆ ನಡುಗುವ ಹುಡುಗನೊಬ್ಬನನ್ನು ಕೂರಿಸಿತು. ಹುಡುಗ ನಟ, ಬಸ್ಸಿಗೆ ಕಾಯುವವರು ನಟರಲ್ಲ. ಒಬ್ಬರಾದ ಮೇಲೊಬ್ಬರು ತಮ್ಮ ಜಾಕೆಟ್, ಕೈಗವಸು, ಶಾಲು ಬಿಚ್ಚಿ ಅವನಿಗೆ ಹೊದಿಸಿದರು. ಸಿರಿಯಾದ ಮಕ್ಕಳಿಗಾಗಿ ನೆರವು ಕೇಳುವ ಚಿತ್ರ ಅದು.

2016ರಲ್ಲಿ ಯುನಿಸೆಫ್ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ತೆಗೆದ ಚಿತ್ರ ಬೇರೆಯೇ ರೀತಿ ಮುಗಿಯಿತು. ಆರು ವರ್ಷದ ಬಾಲನಟಿಯನ್ನು ಒಪ್ಪವಾಗಿ ಅಲಂಕರಿಸಿ ಬೀದಿಯಲ್ಲಿ ಒಂಟಿಯಾಗಿ ನಿಲ್ಲಿಸಿದಾಗ ಜನ ಬಗ್ಗಿ ಮಾತನಾಡಿಸಿದರು, ಅಮ್ಮ ಎಲ್ಲಿ ಎಂದು ಕೇಳಿದರು. ಅದೇ ಮಗುವಿನ ಮುಖಕ್ಕೆ ಮಸಿ ಬಳಿದು ಹಳೆಯ ಬಟ್ಟೆ ತೊಡಿಸಿದಾಗ ಯಾರೂ ತಿರುಗಿ ನೋಡಲಿಲ್ಲ. ರೆಸ್ಟೊರೆಂಟಿನಲ್ಲಂತೂ ಕೆಲವರು ಕೈಚೀಲ ಬಿಗಿಯಾಗಿ ಹಿಡಿದುಕೊಂಡರು, ಆಚೆ ಹೋಗೆಂದರು. ಮಗು ಅಳುತ್ತ ಹೊರಗೆ ಓಡಿತು. ಅದಕ್ಕೆ ತೀರಾ ನೋವಾದದ್ದರಿಂದ ಚಿತ್ರೀಕರಣವನ್ನು ಅಲ್ಲಿಗೇ ನಿಲ್ಲಿಸಲಾಯಿತೆಂದು ಆ ಚಿತ್ರವೇ ಹೇಳುತ್ತದೆ. ಇಡೀ ಏರ್ಪಾಡು ಗೊತ್ತಿದ್ದ ಮಗು ಅದು. ಬಟ್ಟೆ ಸುಳ್ಳು, ಮಸಿ ಸುಳ್ಳು ಎಂದು ತಿಳಿದಿದ್ದರೂ ತಾತ್ಸಾರ ಸುಳ್ಳಾಗಲಿಲ್ಲ. ಮಕ್ಕಳನ್ನು ಸಂಚಿನ ಒಳಗೆ ಸೇರಿಸಿಕೊಂಡರೆ ಸಾಕು, ತೊಂದರೆ ತಪ್ಪಿತು ಎನ್ನುವವರು ಈ ಪ್ರಸಂಗವನ್ನು ನೆನೆಯಬೇಕು.

ಮನೆಯೇ ಸೆಟ್

2011ರ ಹ್ಯಾಲೋವೀನ್ ಹೊತ್ತಿಗೆ ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಕಿಮ್ಮೆಲ್ ತಮ್ಮ ನೋಡುಗರಿಗೆ ಒಂದು ಕರೆ ಕೊಟ್ಟರು: ಹಬ್ಬದ ದಿನ ಮಕ್ಕಳು ಮನೆಮನೆ ತಿರುಗಿ ತಂದ ಮಿಠಾಯಿಯನ್ನೆಲ್ಲ ತಿಂದುಬಿಟ್ಟೆವೆಂದು ಅವರಿಗೆ ಹೇಳಿ, ಏನಾಗುತ್ತದೋ ಚಿತ್ರೀಕರಿಸಿ ಕಳಿಸಿ. ವಿಡಿಯೊಗಳ ಪ್ರವಾಹವೇ ಬಂತು. ನೆಲಕ್ಕೆ ಬಿದ್ದು ಹೊರಳುವ ಮಕ್ಕಳು, ಕೋಪದಿಂದ ಕೂಗುವ ಮಕ್ಕಳು, ಪರವಾಗಿಲ್ಲ ಬಿಡು ಎಂದು ಅಮ್ಮನನ್ನೇ ಸಮಾಧಾನ ಮಾಡುವ ಒಂದೊಂದು ಮಗು. ಮುಂದೆ ಇದು ವರ್ಷವರ್ಷದ ಆಚರಣೆಯಾಯಿತು. 2011ರಲ್ಲೇ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಬೇಡದ ಉಡುಗೊರೆ ಕೊಟ್ಟು ನೋಡುವ ಇನ್ನೊಂದು ಆಟವೂ ಸೇರಿಕೊಂಡಿತು.

ಇಲ್ಲಿ ಮೂರು ಸಂಗತಿಗಳು ಒಟ್ಟಿಗೆ ಬದಲಾದವು. ಕ್ಯಾಮೆರಾ ಅಡಗಿಸುವ ಅಗತ್ಯವೇ ಬೀಳಲಿಲ್ಲ. ಅಪ್ಪ ಅಮ್ಮನ ಕೈಯಲ್ಲಿ ಸದಾ ಇರುವ ಮೊಬೈಲಿಗಿಂತ ಚೆನ್ನಾಗಿ ಅಡಗಿರುವ ಕ್ಯಾಮೆರಾ ಇನ್ನೊಂದಿಲ್ಲ. ಬಲೆ ಹೂಡುವವನು ಅಪರಿಚಿತ ನಟನಲ್ಲ, ಹೆದರಿಕೆಯಾದಾಗ ಮಗು ಓಡಿಹೋಗಿ ಅಪ್ಪಿಕೊಳ್ಳಬೇಕಾದ ವ್ಯಕ್ತಿಯೇ. ಮಗುವಿನ ಪರವಾಗಿ ಒಪ್ಪಿಗೆ ಕೊಡಬೇಕಾದವರೂ ಅವರೇ ಆದ್ದರಿಂದ, ಬೇಡ ಎನ್ನಬಲ್ಲ ಮೂರನೆಯವರು ಯಾರೂ ಉಳಿಯಲಿಲ್ಲ. ಫಂಟ್ ಕಾಲದಲ್ಲಿ ತುಣುಕು ಪ್ರಸಾರವಾಗಬೇಕಾದರೆ ನಿರ್ಮಾಪಕರು, ವಾಹಿನಿಯ ವಕೀಲರು, ಜಾಹೀರಾತುದಾರರು ಎಂದು ಹಲವರ ಕಣ್ಣು ದಾಟಬೇಕಿತ್ತು. ಯೂಟ್ಯೂಬಿನಲ್ಲಿ ಅದೂ ಇಲ್ಲ.

ಇದು ಎಲ್ಲಿಗೆ ಮುಟ್ಟಬಹುದೆಂಬುದು 2017ರಲ್ಲಿ ‘ಡ್ಯಾಡಿಓಫೈವ್’ ಎಂಬ ಯೂಟ್ಯೂಬ್ ಚಾನೆಲ್‌ನಿಂದ ಜಗಜ್ಜಾಹೀರಾಯಿತು. ಅಮೆರಿಕದ ಮೇರಿಲ್ಯಾಂಡ್‌ನ ದಂಪತಿ ತಮ್ಮ ಮಕ್ಕಳ ಮೇಲೆ ಹೂಡಿದ ಪ್ರ್ಯಾಂಕ್‌ಗಳಿಗೆ ಲಕ್ಷಾಂತರ ಚಂದಾದಾರರಿದ್ದರು. ಒಂದು ವಿಡಿಯೊದಲ್ಲಿ ಮಾಯವಾಗುವ ಶಾಯಿಯನ್ನು ಕಾರ್ಪೆಟ್ಟಿನ ಮೇಲೆ ಚೆಲ್ಲಿ, ಚೆಲ್ಲಿದ್ದು ನೀನೇ ಎಂದು ಹುಡುಗನೊಬ್ಬನ ಮೇಲೆ ಕಿರುಚಾಡುತ್ತಾರೆ. ಹುಡುಗ ಅಳುತ್ತ, ತಾನಲ್ಲವೆಂದು ಮತ್ತೆ ಮತ್ತೆ ಹೇಳುತ್ತಾನೆ. ನೋಡುಗರಿಂದಲೇ ದೂರು ಹೋಯಿತು. ಇಬ್ಬರು ಮಕ್ಕಳನ್ನು ಅವರ ಹೆತ್ತ ತಾಯಿಯ ವಶಕ್ಕೆ ಒಪ್ಪಿಸಲಾಯಿತು. ಮಕ್ಕಳ ನಿರ್ಲಕ್ಷ್ಯದ ಆರೋಪದ ಮೇಲೆ ದಂಪತಿಗೆ ನ್ಯಾಯಾಲಯ ಐದು ವರ್ಷಗಳ ಪ್ರೊಬೇಷನ್ ವಿಧಿಸಿತು. 2019ರ ಜನವರಿಯಲ್ಲಿ ಯೂಟ್ಯೂಬ್ ತನ್ನ ನಿಯಮಗಳನ್ನು ಬಿಗಿಗೊಳಿಸಿ, ಮಕ್ಕಳಿಗೆ ತೀವ್ರ ಮಾನಸಿಕ ನೋವುಂಟುಮಾಡುವ ಪ್ರ್ಯಾಂಕ್‌ಗಳನ್ನು ನಿಷೇಧಿಸಿತು. ಹಾವಳಿ ನಿಂತಿತೆಂದಲ್ಲ. 2019ರಲ್ಲಿ ಕೂಸಿನ ಮುಖಕ್ಕೆ ಚೀಸ್ ತುಂಡು ಎಸೆಯುವುದು, 2023ರಲ್ಲಿ ಅಡುಗೆ ಮಾಡುವ ನೆಪದಲ್ಲಿ ಪಕ್ಕದಲ್ಲಿ ನಿಂತ ಮಗುವಿನ ಹಣೆಗೆ ಮೊಟ್ಟೆ ಕುಟ್ಟಿ ಒಡೆಯುವುದು ಹೀಗೆ ಒಂದೊಂದು ಋತುವಿಗೂ ಒಂದೊಂದು ಹೊಸ ಆಟ ಬರುತ್ತಲೇ ಇದೆ.

ಕಾನೂನು

ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 18 ವರ್ಷದೊಳಗಿನವರ ದೈಹಿಕ, ಮಾನಸಿಕ ಕ್ಷೇಮ ಮತ್ತು ಘನತೆಯನ್ನು ಕಾಯುವುದು ವಾಹಿನಿಯ ಹೊಣೆ. ಮಗುವೇ ಒಪ್ಪಿರಲಿ, ಹೆತ್ತವರೇ ಒಪ್ಪಿರಲಿ, ಆ ಹೊಣೆ ತಪ್ಪುವುದಿಲ್ಲ. ಅನಗತ್ಯ ಯಾತನೆಯನ್ನಾಗಲಿ ಆತಂಕವನ್ನಾಗಲಿ ಉಂಟುಮಾಡಬಾರದೆಂದೂ ಅದು ಹೇಳುತ್ತದೆ. ಫ್ರಾನ್ಸ್ 2020ರಲ್ಲಿ 16 ವರ್ಷದೊಳಗಿನ ಆನ್‌ಲೈನ್ ತಾರೆಗಳ ದುಡಿಮೆಯನ್ನು ನಿಯಂತ್ರಿಸುವ ಕಾಯ್ದೆ ತಂದಿತು. 2024ರಲ್ಲಿ ಮಗುವಿನ ಚಿತ್ರಗಳ ಮೇಲಿನ ಹಕ್ಕನ್ನು ಕಾಪಾಡುವುದು ತಂದೆತಾಯಿ ಇಬ್ಬರ ಜಂಟಿ ಕರ್ತವ್ಯವೆಂದು ಇನ್ನೊಂದು ಕಾಯ್ದೆ ಮಾಡಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈಯಿಂದ ವಿಡಿಯೊಗಳ ಗಳಿಕೆಯಲ್ಲಿ ಮಗುವಿನ ಪಾಲನ್ನು ತೆಗೆದಿಡಬೇಕು. ಗಳಿಕೆಯನ್ನು ಕಾಯುವ ಕಾನೂನು ಬೇಗ ಬರುತ್ತದೆ, ಮರ್ಯಾದೆಯನ್ನು ಕಾಯುವ ಕಾನೂನು ತಡವಾಗಿ ಬರುತ್ತದೆ.

ಭಾರತದಲ್ಲಿ ಚರ್ಚೆಗೆ ಕಾವು ಬಂದದ್ದು 2008ರಲ್ಲಿ. ಬಂಗಾಳಿ ವಾಹಿನಿಯೊಂದರ ರಿಯಾಲಿಟಿ ಷೋನಲ್ಲಿ ತೀರ್ಪುಗಾರರಿಂದ ಬೈಸಿಕೊಂಡ ಬಳಿಕ ಮಾತು ನಿಂತುಹೋಯಿತೆನ್ನಲಾದ ಹದಿಹರೆಯದ ಹುಡುಗಿಯನ್ನು ಚಿಕಿತ್ಸೆಗಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆತಂದಿದ್ದರು. ಕಾಯಿಲೆಗೆ ಬೈಗುಳವೇ ಕಾರಣವೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿತ್ತಾದರೂ, ಟಿವಿಯಲ್ಲಿ ದುಡಿಯುವ ಮಕ್ಕಳ ಪಾಡು ಸುದ್ದಿಯಾಯಿತು. ಅನಂತರದ ವರ್ಷಗಳಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ಹೊರಡಿಸಿತು. ಕೇಬಲ್ ಟಿವಿ ನಿಯಮಗಳ ಕಾರ್ಯಕ್ರಮ ಸಂಹಿತೆಯಲ್ಲಿ ಮಕ್ಕಳನ್ನು ಹೀನಾಯವಾಗಿ ಬಿಂಬಿಸುವ ಕಾರ್ಯಕ್ರಮಗಳಿಗೆ ಮೊದಲಿನಿಂದಲೂ ನಿಷೇಧವಿದೆ.

ಎಲ್ಲಕ್ಕಿಂತ ನೇರವಾದದ್ದು ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮಗಳು. ಮಗುವನ್ನು ಚಿತ್ರೀಕರಣಕ್ಕೆ ಬಳಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ. ಸತತ 27 ದಿನ ಮೀರುವಂತಿಲ್ಲ. ಗಳಿಕೆಯ ಕನಿಷ್ಠ ಶೇಕಡಾ 20ರಷ್ಟು ಹಣವನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇಡಬೇಕು. ಇದೇ ನಿಯಮಗಳಲ್ಲಿ ಇನ್ನೊಂದು ಸಾಲಿದೆ: ಯಾವ ಮಗುವನ್ನೂ ಅದರ ಇಚ್ಛೆ ಮತ್ತು ಒಪ್ಪಿಗೆಗೆ ವಿರುದ್ಧವಾಗಿ ಇಂಥ ಚಟುವಟಿಕೆಯಲ್ಲಿ ತೊಡಗಿಸುವಂತಿಲ್ಲ. ಮೊದಲೇ ಒಪ್ಪಿಗೆ ಕೇಳಿದರೆ ಗುಪ್ತ ಕ್ಯಾಮೆರಾ ಗುಪ್ತವಾಗಿ ಉಳಿಯದು, ಕೇಳದಿದ್ದರೆ ನಿಯಮ ಪಾಲಿಸಿದಂತಾಗದು. ಹೀಗಾಗಿ ಮಕ್ಕಳನ್ನು ನಿಜವಾಗಿಯೂ ಬೇಸ್ತು ಬೀಳಿಸುವ ಟಿವಿ ಕಾರ್ಯಕ್ರಮವೊಂದನ್ನು ಭಾರತದಲ್ಲಿ ನಿಯಮಬದ್ಧವಾಗಿ ನಿರ್ಮಿಸುವುದು ಹೆಚ್ಚುಕಡಿಮೆ ಅಸಾಧ್ಯ. ಈ ನಿಯಮಗಳ ಕಣ್ಣಿರುವುದು ನಿರ್ಮಾಪಕರ ಮೇಲೆ. ಸಂಜೆ ಮನೆಯಲ್ಲಿ ಮಗುವನ್ನು ಅಳಿಸಿ, ಮೊಬೈಲಿನಲ್ಲಿ ಹಿಡಿದು, ರೀಲ್ಸ್ ಮಾಡಿ ಹಾಕುವ ಹೆತ್ತವರಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕೆಂದು ಯಾರೂ ಹೇಳುವುದಿಲ್ಲ. ತೀರಾ ಅತಿರೇಕಕ್ಕೆ ಹೋದರೆ, ವಶದಲ್ಲಿರುವ ಮಗುವಿಗೆ ಅನಗತ್ಯ ಮಾನಸಿಕ ಯಾತನೆ ಕೊಡುವುದನ್ನು ಅಪರಾಧವೆನ್ನುವ 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮನ್ನು ಬಳಸಲು ಅವಕಾಶವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕಡ್ಡಾಯ ಮಾಡುತ್ತದೆ; ವಿಡಿಯೊ ಹಾಕಿದವರು ಹೆತ್ತವರೇ ಆಗಿದ್ದರೆ ಆ ಒಪ್ಪಿಗೆ ಮೊದಲೇ ಸಿಕ್ಕಿಬಿಟ್ಟಿರುತ್ತದೆ.